ಸಣ್ಣಮ್ಮನೂ ಅದೇ ಸಾರು ಉಂಡಿದ್ದಳು

ಸೊಪ್ಪು ಕಿತ್ತವಳು ಅತ್ತೆ. ಸಾರು ಉಂಡವರು ಮನೆಯವರೆಲ್ಲ. ಏಟು ತಿಂದವಳು ಸೊಸೆ. ನಡೆದದ್ದು ಇಷ್ಟೇ. ಮದ್ದು, ಮಾಟ, ಕಾಡಿನ ಕಡೆಯ ಹೆಣ್ಣು ಅಂತ ಆಗ ಊರವರು ಏನೇನೋ ಕಟ್ಟಿದರು. ಅದರಲ್ಲಿ ಒಂದು ಮಾತೂ ನಿಜವಲ್ಲ. ಈಗಲೂ ಆ ಕಡೆ ಅದನ್ನೇ ಹೇಳುವವರು ಇದ್ದಾರಂತೆ. ಅಂಥವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ದೊಡ್ಡ ಮಹಾರಾಜರು ತೀರಿಕೊಂಡ ಮಾರನೇ ವರ್ಷದ ಮಾತು. ಆಗ ನಾನು ಹುಣಸೂರು ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ಹೋದ ಮೇಲೆ ಈ ಕೆಲಸಕ್ಕೆ ಸೇರಿದೆ. ಆಸ್ಪತ್ರೆ ಅಂದರೆ ಹೆಂಚಿನ ಒಂದು ಕಟ್ಟಡ, ಮುಂದೆ ಜಗಲಿ, ಒಳಗೆ ಗಂಡಸರಿಗೊಂದು ಹೆಂಗಸರಿಗೊಂದು ವಾರ್ಡು, ಎರಡರ ನಡುವೆ ಒಂದು ಮರದ ತಡಿಕೆ. ಎಲ್.ಎಂ.ಪಿ. ಓದಿದ ಡಾಕ್ಟರು ಒಬ್ಬರು, ಕಾಂಪೌಂಡರ್ ಗಫೂರ್ ಸಾಹೇಬರು ಒಬ್ಬರು, ಹೆಂಗಸರ ಕಡೆಯ ಚಾಕರಿಗೆಲ್ಲ ನಾನು. ಕತ್ತರಿ ಸೂಜಿ ಕುದಿಸುವುದು, ಬೆಡ್‌ಪ್ಯಾನ್ ಇಡುವುದು, ತೆಗೆಯುವುದು, ಉಚ್ಚೆ ಹಿಡಿದು ಪರೀಕ್ಷೆಗೆ ಕೊಡುವುದು. ಡಾಕ್ಟರು ಮೂತ್ರ ಅನ್ನುತ್ತಿದ್ದರು, ಸಾಹೇಬರು ಯೂರಿನ್ ಅನ್ನುತ್ತಿದ್ದರು. ತೊಳೆಯುತ್ತಿದ್ದವಳು ನಾನು, ಆದ್ದರಿಂದ ಉಚ್ಚೆ ಅಂತಲೇ ಬರೆಯುತ್ತೇನೆ. ಮುಜುಗರ ಆಗುವವರು ಇಲ್ಲಿಗೇ ನಿಲ್ಲಿಸಬಹುದು.

ಅಲ್ಲಿ ನಡೆಯುತ್ತಿದ್ದ ಪರೀಕ್ಷೆ ಎರಡೇ. ಗಾಜಿನ ಕೊಳವೆಯಲ್ಲಿ ಉಚ್ಚೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ಮೊಟ್ಟೆಯ ಬಿಳಿಯ ಹಾಗೆ ಮೋಡ ಕಟ್ಟಿದರೆ ಅದು ಆಲ್ಬುಮಿನ್, ಬಸುರಿಯಾದರೆ ಜೋಪಾನ ಅಂತ ಅರ್ಥ. ಇನ್ನೊಂದು, ನೀಲಿ ದ್ರಾವಣದ ಜೊತೆ ಕುದಿಸುವುದು. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ. ಮೂರನೆಯದು ಒಂದಿದೆ ಅಂತ ಗೊತ್ತಾದದ್ದು ನಾನು ಹೇಳಹೊರಟಿರುವ ದಿನವೇ.

ಮಳೆ ಬಿಟ್ಟು ಬಿಸಿಲು ಬಂದಿದ್ದ ದಿನ. ಹೊತ್ತು ನೆತ್ತಿಗೆ ಏರುವ ಮೊದಲು ಗಾವಡಗೆರೆ ಕಡೆಯಿಂದ ಒಂದು ಗಾಡಿ ಬಂತು. ಊರಿನ ಹೆಸರು ಬರೆಯುವುದಿಲ್ಲ. ಗಾಡಿಯಲ್ಲಿ ನಿಂಗಮ್ಮ ಅನ್ನುವ ವಯಸ್ಸಾದ ಹೆಂಗಸು, ಅವಳ ಮಗ ಕಾಳೇಗೌಡ. ಇಬ್ಬರಿಗೂ ಮೈಮೇಲೆ ಎಚ್ಚರವಿಲ್ಲ. ಮುಖ ಕೆಂಡದ ಹಾಗೆ ಕೆಂಪು, ನಾಲಿಗೆ ಒಣಗಿ ತುಟಿಗೆ ಅಂಟಿಕೊಂಡಿದೆ. ಕಣ್ಣಿನ ಪಾಪೆ ಅರಳಿ ಕಣ್ಣೆಲ್ಲ ಬರೀ ಕಪ್ಪು. ಗಾಡಿಯ ಹಿಂದೆ ಒಂದು ಹೆಣ್ಣು ನಡೆದು ಬಂದಿತ್ತು, ಎರಡು ಕೈಗೂ ಹಗ್ಗ. ಅವಳೇ ಸಣ್ಣಮ್ಮ, ಕಾಳೇಗೌಡನ ಹೆಂಡತಿ. ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಹಗ್ಗದ ತುದಿ ಹಿಡಿದಿದ್ದವನು ಆ ಊರಿನ ಪಟೇಲ, ನಿಂಗಮ್ಮನ ಒಡಹುಟ್ಟಿದ ತಮ್ಮ.

"ಮದ್ದಾಕವ್ಳೆ ಸ್ವಾಮಿ ಈ ರಂಡೆ," ಅಂದ ಪಟೇಲ. "ರಾತ್ರಿ ಸಾರ್‌ಗೆ ಮದ್ದಾಕಿ ನಮ್ಮಕ್ಕನ್ನೂ ಅಳಿಯನ್ನೂ ಅಲ್ಲೇ ಕೆಡವವ್ಳೆ."

ಅಕ್ಕನ ಮಗನಿಗೂ ಮಗಳ ಗಂಡನಿಗೂ ನಮ್ಮಲ್ಲಿ ಅಳಿಯ ಅಂತಲೇ ಹೆಸರು. ಪಟೇಲನ ಮನಸ್ಸಿನಲ್ಲಿ ಇದ್ದದ್ದು ಎರಡನೆಯದು ಅಂತ ಗಾಡಿ ಹೊಡೆದವನಿಂದ ತಿಳಿಯಿತು. ಪಟೇಲನ ಮನೆಯಲ್ಲಿ ಮದುವೆಗೆ ಬಂದ ಮಗಳು ಇದ್ದಳು. ಸೋದರಮಾವನ ಮಗಳು, ಕಾಳೇಗೌಡನಿಗೆ ಅಂತಲೇ ಹುಟ್ಟಿದಾಗಿನಿಂದ ಮಾತಾಗಿತ್ತು. ಆದರೆ ಕಾಳೇಗೌಡ ಕಾಡಂಚಿನ ಅಂತರಸಂತೆಯ ಸಂತೆಗೆ ಎತ್ತು ತರಲು ಹೋದವನು ಸಣ್ಣಮ್ಮನನ್ನು ನೋಡಿ, ಹಟ ಮಾಡಿ ಕಟ್ಟಿಕೊಂಡು ಬಂದ. ವರ್ಷಗಳು ಕಳೆದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಇಷ್ಟು ಗೊತ್ತಾದರೆ ಮಿಕ್ಕದ್ದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಮದ್ದಿನ ಮಾತು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಲವು ಹೆಂಗಸರು ಊಟದಲ್ಲಿ ಕಣ್ಣಿಗೆ ಕಾಣದ ಮದ್ದು ಬೆರೆಸಿ ಉಣಿಸುತ್ತಾರೆ, ಉಂಡವರು ಸೊರಗಿ ಸಾಯುತ್ತಾರೆ ಅಂತ ಜನರ ನಂಬಿಕೆ. ಮದ್ದು ಕಕ್ಕಿಸುವವರು ಅಂತಲೇ ಬೇರೆ ಇದ್ದಾರೆ. ಇವರೂ ಮೊದಲು ಅಂಥವನ ಬಾಗಿಲಿಗೇ ಹೋಗಿದ್ದರು. ಅವನು ಏನೋ ಸೊಪ್ಪಿನ ರಸ ಕುಡಿಸಿ, ಕಕ್ಕಿಸಿ, ಕಕ್ಕಿದ್ದರಲ್ಲಿ ಕೂದಲುಂಡೆ ಬಂತು ಅಂತ ತೋರಿಸಿದ್ದ. ಬೆಳಿಗ್ಗೆಯ ಹೊತ್ತೆಲ್ಲ ಅಲ್ಲೇ ಹಾಳು. ಬದುಕಿದ್ದದ್ದೇ ಹೆಚ್ಚು.

ಡಾಕ್ಟರು ಹೊತ್ತು ಕಳೆಯಲಿಲ್ಲ. ಗಂಟಲಿಗೆ ರಬ್ಬರ್ ಕೊಳವೆ ಇಳಿಸಿ, ಪರ್ಮಾಂಗನೇಟ್ ಕಲಸಿದ ಗುಲಾಬಿ ನೀರು ಬಿಟ್ಟು ಇಬ್ಬರ ಹೊಟ್ಟೆಯನ್ನೂ ತೊಳೆದರು. ನಾವು ಹಿಡಿದುಕೊಂಡೆವು. ಕಾಳೇಗೌಡನನ್ನು ಹಿಡಿಯಲು ಗಾಡಿಯವನೂ ಬೇಕಾಯಿತು. ಅವನು ವಾರ್ಡಿನ ನಡುವೆ ಇಲ್ಲದ ಎತ್ತು ಹೂಡಿ ಉಳುತ್ತಿದ್ದ. "ಹೋಯ್, ಬಲಕ್ಕೆ ಬಾರ್ಲಾ" ಅಂತ ಗಫೂರ್ ಸಾಹೇಬರ ಬೆನ್ನಿಗೇ ಬಾರಿಸಿದ. "ಅರೆ ಗೌಡ್ರೇ, ನಾನು ಎತ್ತಲ್ಲ ಕಣ್ರೀ, ಕಾಂಪೌಂಡರ್ರು" ಅಂತ ಅವರು ಕೂಗಿಕೊಂಡರು. ತಡಿಕೆಯ ಈಚೆ ನಿಂಗಮ್ಮ ಮಲಗಿದ್ದಲ್ಲೇ ಕಂಬಳಿಯ ಎಳೆ ಕೀಳುತ್ತಿದ್ದಳು. ಒಂದೊಂದಾಗಿ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

"ಗಣಿಕೆ ಚೆಂದಾಗ್ ಬಂದದೆ ಕಣವ್ವ ತಿಪ್ಪೆ ತಾವ," ಅಂದಳು ನನ್ನನ್ನು ನೋಡಿ. "ಎಳೇದು. ನಿಂಗೂ ಒಂದಿಡಿ ಬೇಕಾ?"

ಬೇಡ ಅಂದೆ. ಸೊಪ್ಪು ಕಿತ್ತವಳು ಯಾರು ಅಂತ ನನಗೆ ಆಗಲೇ ಹೊಳೆಯಿತು, ಆದರೆ ತಿಳಿವು ತಪ್ಪಿದವಳ ಮಾತನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮಳೆಗಾಲದಲ್ಲಿ ನಮ್ಮ ಕಡೆಯವರು ಬೆರಕೆ ಸೊಪ್ಪು ಕೀಳುತ್ತಾರೆ. ಹೊಲದ ಬದು, ತಿಪ್ಪೆಯ ಮಗ್ಗುಲು, ಎಲ್ಲಿ ಏನು ಎಳೆಯದು ಸಿಕ್ಕಿದರೆ ಅದು. ಅಣ್ಣೆ, ಕೀರೆ, ಗಣಿಕೆ ಎಲ್ಲ ಮಡಿಲಿಗೆ ಬಿದ್ದು ಒಂದೇ ಮಡಕೆಯಲ್ಲಿ ಬೇಯುತ್ತದೆ. ತಿಪ್ಪೆಯ ಮಗ್ಗುಲಲ್ಲೇ ಉಮ್ಮತ್ತಿ, ಅಂದರೆ ದತ್ತೂರಿಯೂ ಬೆಳೆಯುತ್ತದೆ. ಹೂ ಕಾಯಿ ಬಿಟ್ಟ ಮೇಲೆ ಕುರುಡರಿಗೂ ಗೊತ್ತಾಗುತ್ತದೆ. ಎಳೆಯ ಕುಡಿಯಲ್ಲಿ ಗಣಿಕೆಯ ಜೊತೆ ಸೇರಿಕೊಂಡರೆ, ಕಣ್ಣು ಮಂಜಾದವಳಿಗೆ ಗೊತ್ತಾಗುವುದಿಲ್ಲ.

ಡಾಕ್ಟರು ಕೈ ಒರೆಸಿಕೊಂಡು ಜಗಲಿಗೆ ಬಂದು "ಇದು ದತ್ತೂರಿ. ಇಬ್ಬರೂ ಉಳಿಯುತ್ತಾರೆ" ಅಂದರು. ಒಳ್ಳೆಯ ಮಾತು ಅಂದುಕೊಂಡರೆ ಅದೇ ಕೇಡಾಯಿತು.

"ನಾವೂ ಅದ್ನೇ ಅಲ್ವಾ ಸ್ವಾಮಿ ಯೋಳ್ತಿರೋದು," ಅಂದ ಪಟೇಲ. "ದತ್ತೂರಿ ಆಕವ್ಳೆ. ಪೋಲೀಸ್ನೋರ್ಗೆ ಯೋಳಿಕಳ್ಸಿವ್ನಿ."

ದಫೇದಾರನೂ ಬಂದ. ಸಂತೆ ದಾರಿಯಲ್ಲಿ ದತ್ತೂರಿ ಬೀಜ ಬೆರೆಸಿದ ತಿಂಡಿ ಕೊಟ್ಟು ಜನರನ್ನು ದೋಚುವ ಕಳ್ಳರು ಆಗ ಇದ್ದರು. ದತ್ತೂರಿ ಅಂದಕೂಡಲೇ ಅವನ ಮೀಸೆ ನೆಟ್ಟಗಾಯಿತು. ಪಟೇಲನ ಕೈಲಿದ್ದ ಸಾಕ್ಷಿ ಒಂದೇ: ಮನೆಯವರೆಲ್ಲ ಬಿದ್ದಿದ್ದಾರೆ, ಇವಳೊಬ್ಬಳು ನಿಂತಿದ್ದಾಳೆ. ಸಾರು ಮಾಡಿದವಳು ಸಾರು ಉಣ್ಣಲಿಲ್ಲ ಯಾಕೆ?

"ಉಂಡೆ ಕಣಣ್ಣ," ಅಂದಳು ಸಣ್ಣಮ್ಮ. ಗಂಟಲು ಒಣಗಿ ದನಿ ಗೊಗ್ಗರಾಗಿತ್ತು. "ಅವ್ರೆಲ್ಲ ಉಂಡೆದ್ಮೇಲೆ ಸಾರಿರ್ಲಿಲ್ಲ. ಮಡ್ಕೆ ತಳ ಮುದ್ದೇಲಿ ಬಳ್ದು ಉಂಡೆ."

"ಯಾರ್ ನೋಡವ್ರೆ?" ಅಂದ ಪಟೇಲ.

ಯಾರು ನೋಡಿರುತ್ತಾರೆ? ಸೊಸೆ ಉಣ್ಣುವುದು ಎಲ್ಲರದ್ದೂ ಆದ ಮೇಲೆ, ಒಲೆಯ ಮುಂದೆ ಒಬ್ಬಳೇ ಕೂತು. ಅದನ್ನು ಯಾವ ಅತ್ತೆ ನೋಡುತ್ತಾಳೆ, ಯಾವ ಗಂಡ ನೋಡುತ್ತಾನೆ? ಅವಳಿಗೆ ಒಂದು ಸೌಟು ಸಾರೂ ಬಿಡದೆ ಸುರಿದುಕೊಂಡವರು ಇವರು. ಆಮೇಲೆ ನೀನು ಯಾಕೆ ಸಾರು ಉಣ್ಣಲಿಲ್ಲ ಅಂತ ಹಗ್ಗ ಕಟ್ಟಿ ಕೇಳುವವರೂ ಇವರೇ.  

ಡಾಕ್ಟರು ಅವಳ ತೆರೆದ ಕಣ್ಣನ್ನು ನೋಡಿದರು. ಪಾಪೆ ಸ್ವಲ್ಪ ದೊಡ್ಡದಾಗಿತ್ತು. "ಇವಳೂ ತಿಂದಿರಬಹುದು," ಅಂದರು. "ಆದರೆ ಹೆದರಿಕೆಗೂ ಪಾಪೆ ಅರಳುತ್ತದೆ. ಇಷ್ಟು ಸಾಲದು." ಒಳಗೆ ಹೋಗಿ ದಪ್ಪ ಪುಸ್ತಕ ತಿರುವಿದರು. ಹೊರಗೆ ಬಂದು ನನಗೆ ಹೇಳಿದರು, "ಆಯಮ್ಮ, ಇವಳ ಮೂತ್ರ ಬೇಕು. ದತ್ತೂರಿಯ ವಿಷ ಮೂತ್ರದಲ್ಲಿ ಇಳಿಯುತ್ತದೆ. ಆ ಮೂತ್ರ ಬೆಕ್ಕಿನ ಕಣ್ಣಿಗೆ ಬಿಟ್ಟರೆ ಬೆಕ್ಕಿನ ಪಾಪೆಯೂ ಅರಳುತ್ತದೆ. ತಿಂದಿದ್ದಾಳೋ ಇಲ್ಲವೋ ಅದು ಹೇಳುತ್ತದೆ. ಇವತ್ತೇ ಆಗಬೇಕು. ನಾಳೆಗೆ ಏನೂ ಉಳಿದಿರುವುದಿಲ್ಲ."

ಪಟೇಲ ಹಗ್ಗ ಬಿಡಲಿಲ್ಲ. ಬಿಟ್ಟರೆ ಓಡುತ್ತಾಳಂತೆ.

"ಕೈ ಕಟ್ಟಿದ್ರೆ ಕೂರೋದ್ ಎಂಗೆ ಪಟೇಲ್ರೇ?" ಅಂದೆ. "ಸೀರೆ ನೀವ್ ಎತ್ತಿ ಇಡ್ಕತೀರಾ?"

ದಫೇದಾರ ನಕ್ಕುಬಿಟ್ಟ. ನಗುತ್ತಲೇ ಹಗ್ಗ ಬಿಚ್ಚಿದ. ಕಾನೂನಿಗೆ ಬಿಚ್ಚದವನು ನಗೆಗೆ ಬಿಚ್ಚಿದ.

ಒಳಗೆ ಕರೆದುಕೊಂಡು ಹೋಗಿ ಪಾತ್ರೆ ಕೊಟ್ಟರೆ ಸಣ್ಣಮ್ಮ ಹಿಂದೆ ಸರಿದಳು. "ಉಚ್ಚೆ ಯಾಕವ್ವ? ಅದ್ರಲ್ಲಿ ಏನಾರ ಮಾಡ್ಸಕ್ಕಾ?" ಅಂದಳು. ಮಾಟ ಮಾಡಿದಳು ಅಂತ ಹೊಡೆಸಿಕೊಂಡವಳಿಗೂ ಮಾಟದ್ದೇ ಹೆದರಿಕೆ. ನಾನು ಸಮಾಧಾನ ಮಾಡಲಿಲ್ಲ. "ನೀ ಉಂಡದ್ದು ನಿಜಾನಾ ಸುಳ್ಳಾ?" ಅಂದೆ. ನಿಜ ಅಂದಳು. "ಅಂಗಾರೆ ಕೂತ್ಕೋ."

ಕೂತಳು. ಬರಲಿಲ್ಲ. ತಂಬಿಗೆ ನೀರು ಸುರಿದು ಸದ್ದು ಮಾಡಿದೆ, ಬರಲಿಲ್ಲ. "ಬೆಳುಗ್ಗಿಂದ ಬರ್ತಿಲ್ಲ ಕಣವ್ವ, ವಟ್ಟೆ ಬಿಗ್ದದೆ" ಅಂತ ಅತ್ತಳು, ಕಣ್ಣಲ್ಲಿ ನೀರೂ ಇರಲಿಲ್ಲ. ಕಿಬ್ಬೊಟ್ಟೆ ಮುಟ್ಟಿದರೆ ಕಲ್ಲು. ತಡಿಕೆಯ ಆಚೆಯಿಂದ ಡಾಕ್ಟರಿಗೆ ಹೇಳಿದೆ. ಅವರ ದನಿಯೇ ಬದಲಾಯಿತು. ದತ್ತೂರಿ ಮೈಗೆ ಸೇರಿದರೆ ಉಚ್ಚೆ ಕಟ್ಟುತ್ತದೆ, ಇದೂ ಒಂದು ಗುರುತು ಅಂದರು. ಕ್ಯಾತಿಟರ್ ಹಾಕಿ ತೆಗೆಯಬೇಕು ಅಂದರು. ಕ್ಯಾತಿಟರ್ ಅಂದರೆ ಉಚ್ಚೆಯ ದಾರಿಯಲ್ಲಿ ಇಳಿಸುವ ಸಣ್ಣ ರಬ್ಬರ್ ನಳಿಕೆ. ಹೆರಿಗೆಯ ಕೇಸುಗಳಲ್ಲಿ ಹಾಕಲು ಡಾಕ್ಟರೇ ನನಗೆ ಕಲಿಸಿದ್ದರು. ಗಂಡಸಿನ ಕೈ ಸೋಕಿದರೆ ಅವಳು ಅಲ್ಲೇ ಪ್ರಾಣ ಬಿಡುತ್ತಿದ್ದಳು. ಅವರು ಆಚೆ ನಿಂತು ಹೇಳಿದರು, ನಾನು ಕುದಿಸಿದ ನಳಿಕೆ ಹಾಕಿದೆ. ಉಚ್ಚೆ ಇಳಿಯುತ್ತಿದ್ದ ಹಾಗೆ ಅವಳ ಬಿಗಿದ ದವಡೆ ಸಡಿಲಾಯಿತು. ಸೀಸೆ ತುಂಬಿದೆ, ಬಿರಡೆ ಹಾಕಿದೆ, ನೇರವಾಗಿ ದಫೇದಾರನ ಕೈಗೆ ಕೊಟ್ಟೆ. ಪಟೇಲ ಆಮೇಲೆ ಅತ್ತೆಯ ಉಚ್ಚೆಯನ್ನೇ ಬೆರೆಸಿದರು ಅನ್ನಬಾರದಲ್ಲ.

ಇನ್ನು ಬೆಕ್ಕು. ಅದು ಗಫೂರ್ ಸಾಹೇಬರ ಮನೆಯಲ್ಲಿತ್ತು. ಅವರ ಬೀಬಿ ಬಾಗಿಲ ಮರೆಯಿಂದಲೇ ಜಗಳಕ್ಕೆ ನಿಂತರು.

"ನನ್ನ ಬೆಕ್ಕಿನ ಕಣ್ಣಿಗೆ ಯಾರ್‍ದೋ ಉಚ್ಚೆ ಬಿಡ್ತೀರಾ? ನಿಮ್ಮ ಕಣ್ಣಿಗೇ ಬಿಟ್ಕೊಳ್ಳಿ!"

"ನನ್ನ ಕಣ್ಣು ನಿನ್ನ ನೋಡಿದಾಗ್ಲೇ ಅರಳೈತೆ, ಪರೀಕ್ಷೆಗೆ ಬರಲ್ಲ," ಅಂದರು ಸಾಹೇಬರು. ಬೆಕ್ಕು ಸಿಕ್ಕಿತು. ಎರಡು ದಿನದಲ್ಲಿ ಕಣ್ಣು ಮೊದಲಿನಂತೆ ಆಗುತ್ತದೆ ಅಂತ ಡಾಕ್ಟರು ಬೀಬಿಗೆ ಮಾತು ಕೊಟ್ಟರು, ಹಾಗೇ ಆಯಿತು ಕೂಡ.

ಬೆಕ್ಕನ್ನು ಗೋಣಿಯಲ್ಲಿ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು, ಜಗಲಿಯ ಬಿಸಿಲಿನಲ್ಲಿ ನಾನು ಮಡಿಲಲ್ಲಿ ಹಿಡಿದು ಕೂತೆ. ಬಿಸಿಲಿಗೆ ಬೆಕ್ಕಿನ ಪಾಪೆ ಗೀಟು ಎಳೆದ ಹಾಗೆ ಸಣ್ಣಗಾಗುತ್ತದೆ. ಎರಡೂ ಹಾಗೇ ಇರುವುದನ್ನು ಡಾಕ್ಟರು ದಫೇದಾರನಿಗೂ ಪಟೇಲನಿಗೂ ತೋರಿಸಿದರು. ಬರೀ ಉಚ್ಚೆಗೇ ಕಣ್ಣು ಅರಳಿತು ಅಂತ ಯಾರೂ ಅನ್ನದ ಹಾಗೆ ಎಡಗಣ್ಣಿಗೆ ಆ ಸಾರು ಉಣ್ಣದವರ ಉಚ್ಚೆ ಬಿಡಬೇಕಿತ್ತು. ಅದು ನನ್ನದು. ಬಲಗಣ್ಣಿಗೆ ದಫೇದಾರನ ಸೀಸೆಯಿಂದ ಸಣ್ಣಮ್ಮನದು. ಆಮೇಲೆ ಕಾದೆವು. ಸಣ್ಣಮ್ಮ ಕಂಬಕ್ಕೆ ಒರಗಿ ಬೆಕ್ಕನ್ನೇ ನೋಡುತ್ತಿದ್ದಳು. ಆ ಕಣ್ಣು ಹಾಗೇ ಇದ್ದಿದ್ದರೆ ಅವಳು ಅವತ್ತೇ ಲಾಕಪ್ಪಿಗೆ.

ಬಲಗಣ್ಣಿನ ಗೀಟು ಮೊದಲು ಸ್ವಲ್ಪ ಅಗಲವಾಯಿತು. ನನ್ನ ಕಣ್ಣೇ ಮೋಸ ಮಾಡುತ್ತಿದೆ ಅಂದುಕೊಂಡೆ. ನೋಡುತ್ತಾ ನೋಡುತ್ತಾ ಬೇಳೆಯಷ್ಟಾಯಿತು, ಕಡಲೆಯಷ್ಟಾಯಿತು. ಕೊನೆಗೆ ಅಷ್ಟು ಬಿಸಿಲಿನಲ್ಲೂ ಬಲಗಣ್ಣು ಕಪ್ಪಗೆ ಅರಳಿ ನಿಂತಿತು. ಎಡಗಣ್ಣು ಗೀಟಾಗಿಯೇ ಇತ್ತು.

"ಇವಳೂ ಅದೇ ಸಾರು ಉಂಡಿದ್ದಾಳೆ," ಅಂದರು ಡಾಕ್ಟರು. "ತಳ ಬಳಿದದ್ದಷ್ಟೇ, ಅದಕ್ಕೇ ಬಿದ್ದಿಲ್ಲ."

"ಬೆಕ್ ನೋಡ್ಕಂಡು ನ್ಯಾಯ ಯೋಳದಾ ಸ್ವಾಮಿ?" ಅಂದ ಪಟೇಲ.

"ಬೆಕ್ಕೇ ಸರಿ ಪಟೇಲ್ರೇ," ಅಂದರು ಗಫೂರ್ ಸಾಹೇಬರು. "ಅದಕ್ಕೆ ಮದುವೆಗೆ ಬಂದ ಮಗಳಿಲ್ಲ."

ಜಗಲಿಯ ಮೇಲಿದ್ದವರೆಲ್ಲ ಬೇರೆ ಕಡೆ ನೋಡಿದರು. ದಫೇದಾರ ಮೀಸೆ ಇಳಿಸಿ, "ಮದ್ದಾಕಿದ ಹೆಂಗಸು ಅದೇ ಮಡಕೆ ಬಳಿದು ತಿಂತಾಳೇನಯ್ಯ?" ಅಂದ. ಮಿಕ್ಕ ಉಚ್ಚೆಗೆ ಅರಗಿನ ಮುದ್ರೆ ಹಾಕಿಸಿ ಬೆಂಗಳೂರಿಗೆ, ಸರ್ಕಾರಿ ಪರೀಕ್ಷೆಗೆ ಕಳಿಸುವುದಕ್ಕೆ ಇಟ್ಟುಕೊಂಡ. ಅಲ್ಲಿಂದಲೂ ಇದೇ ಉತ್ತರ ಬಂತು. ಬರುವ ಹೊತ್ತಿಗೆ ಯಾರಿಗೂ ಅದು ಬೇಕಾಗಿರಲಿಲ್ಲ.

ಸಂಜೆ ಹೊತ್ತಿಗೆ ನಿಂಗಮ್ಮನಿಗೆ ತಿಳಿವು ಬಂತು. ಸೊಪ್ಪು ಕಿತ್ತವರು ಯಾರು ಅಂತ ದಫೇದಾರ ಕೇಳಿದ. ನಾನೇ ಅಂದಳು. ಎಲ್ಲಿ ಅಂದ. ನಮ್ಮ ತಿಪ್ಪೆ ತಾವ ಅಂದಳು. ಆಮೇಲೆ, "ನಂಗ್ ಕಣ್ಣು ಮಂಜು. ಅವ್ಳಾರ ನೋಡಿ ಸೋಸ್‌ಬಾರ್ದಿತ್ತಾ?" ಅಂದಳು.

ಕೇಳಿದಿರಾ? ಆಗಲೂ ತಪ್ಪು ಸೊಸೆಯದೇ. ಅತ್ತೆ ತಂದು ಸುರಿದ ಸೊಪ್ಪನ್ನು ಇದು ಬೇಡ ಅಂತ ಸೊಸೆ ಆರಿಸಿ ಬಿಸಾಕಿದ್ದರೆ ಅವತ್ತು ಅದಕ್ಕೊಂದು ಏಟು ಬೀಳುತ್ತಿತ್ತು.

ಪಟೇಲ ಹೆಗಲವಸ್ತ್ರ ಕೊಡವಿದ. "ಅಂಗಾರೆ ಏನೂ ಆಗಿಲ್ಲ ಬುಡಿ. ಮನೆ ಇಸ್ಯ. ಎಲ್ರೂ ಉಳ್ಕಂಡ್ರಲ್ಲ," ಅಂದ. ಸಣ್ಣಮ್ಮನ ಕಡೆ ತಿರುಗಿ, "ಗಾಡಿ ಅತ್ತವ್ವ, ಓಗವ," ಅಂದ. ಕಾಳೇಗೌಡ ಎದ್ದು ಕೂತಿದ್ದ, ಎಲ್ಲ ತಿಳಿಯುತ್ತಿತ್ತು. ನೆಲ ನೋಡುತ್ತಿದ್ದ. ಮುಚ್ಚಿಹೋದ ಅವಳ ಕಣ್ಣಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಒಬ್ಬರೂ.

"ಏನೂ ಆಗಿಲ್ವಾ?" ಅಂದೆ. ಆಸ್ಪತ್ರೆಯಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಅವ್ಳ ಮಖ ನೋಡಿ ಯೋಳ್ರೀ. ಏನೂ ಆಗಿಲ್ವಾ?" ಡಾಕ್ಟರು "ಆಯಮ್ಮ" ಅಂದರು. ತಡೆಯುವ ಹಾಗೆ ಅನ್ನಲಿಲ್ಲ.

ಸಣ್ಣಮ್ಮ, "ನಾ ಬರಾಕಿಲ್ಲ," ಅಂದಳು. ಅಪ್ಪನಿಗೆ ಹೇಳಿ ಕಳಿಸಿ, ಅಂತರಸಂತೆಗೆ ಹೋಗುತ್ತೇನೆ ಅಂದಳು. ಗಂಡ ಆಗ ಬಾಯಿಬಿಟ್ಟ. "ಯಾಕಮ್ಮಿ ಅಂಗಂತೀಯೆ?" ಅಂದ. ಅವಳು ಅವನಿಗೆ ಬೆನ್ನು ಹಾಕಿ ಕೂತಳು. ಗಾಡಿ ಪಟೇಲನನ್ನು ಮಾತ್ರ ಹೊತ್ತು ವಾಪಸ್ ಹೋಯಿತು.

ಆಮೇಲೆ ಅವಳಿಗೆ ಗಂಜಿ ಕುಡಿಸುವಾಗ, ಸುಖವಾಗಿ ಅಪ್ಪನ ಮನೆಗೆ ಹೋಗವ್ವ, ಮುಗಿಯಿತಲ್ಲ ಅಂದೆ.

"ಎಲ್ ಮುಗೀತದವ್ವ?" ಅಂದಳು. "ಉಚ್ಚೆ ನೋಡ್ದೋರು ನೀವು ನಾಕ್ ಜನ. ನನ್ನ ಅಗ್ಗ ಕಟ್ಟಿ ಎಳ್ಕಂಡ್ ಬಂದದ್ದ ಊರೇ ನೋಡ್ಯದೆ. ಸಂತೆಗ್ ವೋಗೋರು ಸುಮ್ಕಿರ್ತಾರಾ? ಮದ್ದಾಕೋಳು ಅಂತಾರೆ. ಮನೇಲಿ ತಂಗಿ ಅವ್ಳೆ. ಅವ್ಳ ಯಾರ್ ಕಟ್ಕಂಡಾರು?"

 ಅವಳು ಹೇಳಿದ್ದು ಸರಿ. ಡಾಕ್ಟರು ರಿಪೋರ್ಟು ಬರೆದರು, ದಫೇದಾರ ತೆಗೆದುಕೊಂಡು ಹೋದ. ಅದು ಠಾಣೆಯ ಬೀರುವಿನಲ್ಲಿ ಕೂರುತ್ತದೆ, ನೀರಿನ ಬಾವಿಯ ಹತ್ತಿರ ಬರುವುದಿಲ್ಲ. ಹೆಣ್ಣಿನ ಹೆಸರು ಕೆಡುವುದು ಬಾವಿಯ ಹತ್ತಿರ.

ಈ ಕೆಲಸ ನನಗೆ ಕಲಿಸಿದ್ದು ಇದು. ಆಮೇಲೆ ನಾನು ಆಸ್ಪತ್ರೆಯಲ್ಲಿ ಬಹಳ ವರ್ಷ ಇದ್ದೆ. ಊಟದಿಂದ ಕೆಟ್ಟ ಕೇಸು ಯಾವುದೇ ಬರಲಿ, ಮಲಗಿದವರ ಉಚ್ಚೆ ಹಿಡಿಯುವ ಮೊದಲು ಬೈಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿರುತ್ತಿದ್ದವಳ ಉಚ್ಚೆ ಹಿಡಿದು ಡಾಕ್ಟರಿಗೆ ಕೊಡುತ್ತಿದ್ದೆ. ಬಂದ ಡಾಕ್ಟರುಗಳಿಗೆಲ್ಲ ಯಾಕೆ ಅಂತ ಹೇಳಿದೆ, ಒಬ್ಬರೂ ಬೇಡ ಅನ್ನಲಿಲ್ಲ. ಹೆಂಗಸು ಬಾಯಲ್ಲಿ ಹೇಳಿದ್ದನ್ನು ನಂಬಿದ್ದರೆ ಇದು ಯಾವುದೂ ಬೇಕಾಗಿರಲಿಲ್ಲ. ನಂಬುವುದಿಲ್ಲ ಜನ. ಅದಕ್ಕೇ ಸೀಸೆ ಬೇಕು.

ಸಣ್ಣಮ್ಮ ಆ ಮಾತು ಹೇಳಿದ ಮಾರನೇ ದಿನ ಬೆಳಕು ಹರಿಯುವ ಮೊದಲೇ ವಾರ್ಡು ಗುಡಿಸಿಟ್ಟು, ಗಫೂರ್ ಸಾಹೇಬರಿಗೆ ಒಂದು ಮಾತು ಹೇಳಿ, ಪಟೇಲನ ಊರಿಗೆ ನಡೆದೆ. ಹೆಂಗಸರು ನೀರಿಗೆ ಬರುವ ಹೊತ್ತಿಗೆ ಬಾವಿಯ ಹತ್ತಿರ ಇದ್ದೆ. ನಾನು ಇಂಥ ಆಸ್ಪತ್ರೆಯ ಆಯಾ ಅಂದೆ. ಸೊಪ್ಪು ಎಲ್ಲಿಯದು, ಕಿತ್ತವರು ಯಾರು, ಮಡಕೆಯ ತಳ ಬಳಿದವರು ಯಾರು, ಎಲ್ಲ ಹೇಳಿದೆ.

"ಬೆಕ್ಕಿನ್ ಕಣ್ಗೆ ಉಚ್ಚೆ ಬುಟ್ರಾ?" ಅಂತ ಒಬ್ಬಳು ಬಿದ್ದು ಬಿದ್ದು ನಕ್ಕಳು. ನಗಲಿ ಅಂತ ಬಿಟ್ಟೆ. ನಕ್ಕ ಮಾತು ಬೇಗ ಊರು ಸುತ್ತುತ್ತದೆ.

ಪಟೇಲನೂ ಬಂದ. "ಸಾಕು ನಡಿಯವ್ವ, ನಮ್ ಮನೆ ಮಾನ ಕಳೀಬ್ಯಾಡ," ಅಂದ.

"ನಿಮ್ದಿನ್ನೂ ಐತಾ?" ಅಂದೆ.

ಕೊಡ ಹೊತ್ತು ಹೊರಟಿದ್ದ ಒಬ್ಬ ಮುದುಕಿ ನಿಂತು ತಿರುಗಿದಳು. "ಅಂಗಾರೆ ಸಣ್ಣವ್ವಾನೂ ಉಂಡಿದ್ಲಾ?"

ಉಂಡಿದ್ದಳು ಅಂದೆ. ಅವಳು ಹೋದಳು. ಇನ್ನಿಬ್ಬರು ಕೊಡ ಹಿಡಿದು ಬಂದರು. ಅವರಿಗೆ ಮೊದಲಿಂದ ಹೇಳಿದೆ. ನೀರಿಗೆ ಬರುವವರು ನಿಲ್ಲುವವರೆಗೂ ಅಲ್ಲೇ ನಿಂತು, ಬಂದವರಿಗೆಲ್ಲ ಮೊದಲಿಂದ ಹೇಳಿದೆ.